ಕೆಂಪಾದ್ರ ಯಾರು ಎದ್ದು ಹೋಗ್ತೀರಿ?

ನಮ್ಮ ಆಫೀಸಿನ ಅಕ್ಕಾರು ಫೋನ್ ಎತ್ತಿದರೆ ‘ಹಲೋ’ ಎನ್ನುತ್ತಿರಲಿಲ್ಲ. ‘ಏನ್ ಕೆಟ್ಟೈತ್ರಿ?’ ಎಂದೇ ಶುರು ಮಾಡುತ್ತಿದ್ದರು. ಒಮ್ಮೆ ಅವರ ತಂಗಿ ತನ್ನ ಮಗಳ ಮದುವೆ ಗೊತ್ತಾದ ಸುದ್ದಿ ಹೇಳಲು ಫೋನ್ ಮಾಡಿದಾಗಲೂ ಇದೇ ಪ್ರಶ್ನೆ ಕೇಳಿಬಿಟ್ಟರು. ಆ ಕಡೆಯಿಂದ ಏನು ಉತ್ತರ ಬಂತೋ ನಮಗೆ ಕೇಳಲಿಲ್ಲ. ಅಕ್ಕಾರು ಹೊಟ್ಟೆ ಹಿಡಿದುಕೊಂಡು ನಕ್ಕು, ‘ತಪ್ಪು ತಿಳಕೋಬ್ಯಾಡವಾ, ಛಲೋ ಸುದ್ದಿ ಹೇಳಾಕೂ ಫೋನ್ ಮಾಡ್ತಾರಂತ ನನಗ ಮರತೇ ಹೋಗಿತ್ತು’ ಎಂದರು.

ಮರೆತದ್ದರಲ್ಲಿ ಅವರ ತಪ್ಪೇನಿಲ್ಲ. ನಮ್ಮದು ಹಳ್ಳಿಗಳಿಗೆ ಇಂಟರ್ನೆಟ್ ಕೊಡುವ ಸಣ್ಣ ಕಂಪನಿ. ಇಂಟರ್ನೆಟ್ ಚೆನ್ನಾಗಿ ನಡೆದಿದೆ ಎಂದು ತಿಳಿಸಲು ಇವತ್ತಿನವರೆಗೂ ಒಬ್ಬರೂ ನಮಗೆ ಫೋನ್ ಮಾಡಿಲ್ಲ.

ಅಕ್ಕಾರು ಕಳೆದ ತಿಂಗಳು ಕೆಲಸ ಬಿಟ್ಟರು. ವಯಸ್ಸು ಅರವತ್ತು ದಾಟಿತ್ತು. ‘ಇನ್ನ ಸಾಕು, ಏಣಿ ನನ್ನಕಿಂತ ಮೊದಲ ನಡಗಾಕ ಹತ್ತೈತಿ’ ಎಂದು ಹೇಳಿ ಊರಿಗೆ ಹೋದರು. ಅವರ ಊರು ಕಲಘಟಗಿ ಕಡೆಯ ದುಮ್ಮವಾಡ. ಅವರ ಖುರ್ಚಿಯಲ್ಲಿ ಈಗ ನಾನು ಕೂರುತ್ತೇನೆ. ಕೂತಾಗಲೆಲ್ಲ ಒಂದೊಂದೇ ನೆನಪಾಗುತ್ತದೆ. ನೆನಪಾದ ಹಾಗೆ ಬರೆಯುತ್ತಿದ್ದೇನೆ.

ಅಣ್ಣಿಗೇರಿಯಲ್ಲಿ ಒಂದು ಗೊಬ್ಬರದ ಅಂಗಡಿಯ ಮಾಳಿಗೆ ಮೇಲೆ ನಮ್ಮ ಆಫೀಸು. ಅಂಗಡಿಯೂ ನಮ್ಮ ಮಾಲಕರದೇ. ಅವರದು ಕಡಲೆ, ಹತ್ತಿ ವ್ಯಾಪಾರದ ಹಳೆಯ ಮನೆತನ. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಎಲ್ಲರೂ ಅವರನ್ನು ಸಾವಕಾರ್ರು ಎನ್ನುತ್ತಾರೆ. ಮೊದಲು ಊರಿಗೆ ಕೇಬಲ್ ಟಿ.ವಿ. ತಂದರು, ಆಮೇಲೆ ಅದೇ ತಂತಿಯ ಹಿಂದೆ ಇಂಟರ್ನೆಟ್ ತಂದರು. ಅದು ಹಬ್ಬುತ್ತ ನವಲಗುಂದ, ಕುಂದಗೋಳ ದಾಟಿ ಕಲಘಟಗಿ ಸೀಮೆಗೂ ಹೋಯಿತು. ಅಲ್ಲೊಂದು ಮನೆಯ ಮಾಳಿಗೆ ಮೇಲೆ, ಇಲ್ಲೊಂದು ಶಾಲೆಯ ಮೇಲೆ ನಮ್ಮ ಕಬ್ಬಿಣದ ಟವರುಗಳು ನಿಂತವು. ಪಂಚಾಯ್ತಿ, ಸೊಸೈಟಿ, ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರ, ಮನೆಮನೆಯ ಮೊಬೈಲು, ಎಲ್ಲಕ್ಕೂ ಅವೇ ಆಧಾರ.

ಇದನ್ನೆಲ್ಲ ನೋಡಿಕೊಳ್ಳಲು ಒಬ್ಬರು ಬೇಕಾದಾಗ ಸಾವಕಾರ್ರು ಹುಡುಕಿ ತಂದದ್ದು ಅಕ್ಕಾರನ್ನು. ಡಿಪ್ಲೊಮಾ ಮುಗಿಸಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ವರ್ಷಗಟ್ಟಲೆ ದುಡಿದು, ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿದ್ದರು. ‘ಮನ್ಯಾಗ ಕುಂತು ಏನ್ ಮಾಡ್ತೀರಿ?’ ಎಂದು ಸಾವಕಾರ್ರು ಕೇಳಿದರಂತೆ. ‘ನಿಮ್ಮ ಕೇಬಲ್ ಎಷ್ಟು ಸಲ ಹೋಗ್ತೈತಂತ ಎಣಸ್ತೀನ್ರಿ’ ಎಂದರಂತೆ ಇವರು. ಮರುದಿನವೇ ಕೆಲಸ ಸಿಕ್ಕಿತು.

ನಾನು ಸೇರಿದ್ದು ಆಮೇಲೆ. ಶಲವಡಿಯ ಹುಡುಗಿ, ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಮುಗಿಸಿ, ಅಂಕಪಟ್ಟಿಗಳ ಫೈಲು ಎದೆಗವಚಿಕೊಂಡು ಬಂದಿದ್ದೆ. ಅಕ್ಕಾರು ಫೈಲನ್ನು ತೆರೆಯಲಿಲ್ಲ.

‘ಏಣಿ ಹತ್ತಾಕ ಬರ್ತೈತೇನವಾ?’

‘ಕಲೀತೀನ್ರಿ.’

‘ಬಿದ್ದಿ ಅಂದ್ರ ಅಳತೀಯೋ, ಬೈತೀಯೋ?’

ಯಾವುದು ಸರಿ ಉತ್ತರವೋ ತಿಳಿಯದೆ ‘ಬೈತೀನ್ರಿ’ ಎಂದುಬಿಟ್ಟೆ. ‘ನಡೀತೈತಿ, ಬಾ’ ಎಂದು ಅವತ್ತೇ ಒಂದು ಟವರಿಗೆ ಕರೆದೊಯ್ದರು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಸೊಂಟಕ್ಕೆ ಪಟ್ಟಾ ಬಿಗಿದು ತಾವೇ ಮೊದಲು ಹತ್ತಿದರು. ಮೇಲಿನಿಂದ ಕೂಗಿದರು: ‘ಕೆಳಗ ನೋಡಬ್ಯಾಡ, ಮ್ಯಾಲೆ ನೋಡಬ್ಯಾಡ, ಕೈ ನೋಡು!’ ಇವತ್ತಿಗೂ ನಾನು ಹಾಗೆಯೇ ಹತ್ತುತ್ತೇನೆ.

ಅವರ ಟೇಬಲ್ ಮೇಲೆ ಬುದ್ಧನ ಒಂದು ಸಣ್ಣ ಚಿತ್ರವಿತ್ತು. ಅವರ ತಂದೆ ಪ್ರಾಥಮಿಕ ಶಾಲೆಯ ಮಾಸ್ತರರು, ಆ ಕಾಲದಲ್ಲೇ ಬೌದ್ಧರಾದವರು. ಹಳ್ಳಿಗಳಿಗೆ ಹೋದಾಗ ಕೆಲವು ಮನೆಗಳಲ್ಲಿ ನೀರು ಕೊಡುವ ಮೊದಲು ಒಂದು ಪ್ರಶ್ನೆ ಬರುತ್ತಿತ್ತು. ನವಲಗುಂದದ ಕಡೆ ಒಬ್ಬ ಅಜ್ಜ ನೇರವಾಗಿಯೇ ಕೇಳಿದ: ‘ನೀವು ಯಾವ ಮಂದೀರಿ?’

‘ಟವರ್ ಮಂದ್ರೀ’ ಎಂದರು ಅಕ್ಕಾರು, ಇಂಟರ್ನೆಟ್ ಡಬ್ಬಿಯ ಸ್ಕ್ರೂ ಬಿಗಿಯುತ್ತ.

‘ಹಂಗಲ್ರಿ, ಮನಿ ಕಡೆ...’

‘ಮನಿ ಕಡೆ ಟವರ್ ಇಲ್ರಿ ಅಜ್ಜಾರ, ಅದಕ್ಕ ನಿಮ್ಮನಿಗೆ ಬಂದೀನಿ. ಈಗ ಹೇಳ್ರಿ, ಮೊಮ್ಮಗನ ವಿಡಿಯೋ ಮೊದಲು ನೋಡ್ತೀರೋ, ನನ್ನ ಮಂದಿ ವಿಚಾರ ಮೊದಲು ಮುಗಸ್ತೀರೋ?’

ಅಜ್ಜ ಒಳಗೆ ತಿರುಗಿ, ‘ಚಾ ಮಾಡ್ರಿ ಇವರಿಗೆ!’ ಎಂದು ಕೂಗಿದ. ಹೊರಗೆ ಬಂದಮೇಲೆ ಅಕ್ಕಾರ ಮುಖದಲ್ಲಿ ನಗು ಇರಲಿಲ್ಲ. ಸ್ಕೂಟಿ ಚಾಲೂ ಮಾಡುವಾಗ, ‘ಒಮ್ಮೊಮ್ಮೆ ಸಾಕಾಗ್ತೈತವಾ’ ಎಂದರು. ಅಷ್ಟೇ. ಮುಂದಿನ ತಿರುವಿನಲ್ಲಿ ಮಿರ್ಚಿ ಕರಿಯುವ ವಾಸನೆ ಬಂತು, ಸ್ಕೂಟಿ ತಾನಾಗಿಯೇ ನಿಂತಿತು.

ಮಿರ್ಚಿ, ಗಿರ್ಮಿಟ್ಟಿಲ್ಲದೆ ಅಕ್ಕಾರು ಯಾವ ಮೀಟಿಂಗನ್ನೂ ನಡೆಸಿದವರಲ್ಲ. ಬಾಯಿ ತುಂಬಿದ್ದರೆ ಜನ ಸುಳ್ಳು ಹೇಳುವುದಿಲ್ಲ ಎಂಬುದು ಅವರ ಸಿದ್ಧಾಂತ.

ಇಂಥ ಆಫೀಸಿಗೆ ಒಂದು ದಿನ ಆ ಸಾಫ್ಟ್‌ವೇರು ಬಂತು.

ಸಾವಕಾರ್ರು ಹುಬ್ಬಳ್ಳಿಯಲ್ಲಿ ಯಾರದೋ ಆಫೀಸಿನ ಗೋಡೆಯ ಮೇಲೆ ದೊಡ್ಡ ಟಿ.ವಿ. ನೋಡಿ ಬಂದಿದ್ದರು. ಅದರ ತುಂಬ ಹಸಿರು ಚುಕ್ಕೆಗಳು. ಯಾವ ಊರಿನ ಲಿಂಕು ಹೋದರೂ ಆ ಊರಿನ ಚುಕ್ಕೆ ಕೆಂಪಾಗುತ್ತದೆ, ಯಾರೂ ಫೋನ್ ಮಾಡುವ ಮೊದಲೇ ಗೊತ್ತಾಗುತ್ತದೆ. ನೆಟ್‌ವರ್ಕನ್ನು ಕಾಯುವ ಸಾಫ್ಟ್‌ವೇರು ಅದು. ‘ಅಗದಿ ಅಂಥಾದ್ದ ನಮಗೂ ಬೇಕು’ ಎಂದರು. ಒಂದು ತಿಂಗಳು ಪುಕ್ಕಟೆ ಬಳಸಿ ನೋಡಬಹುದಿತ್ತು. ಹುಬ್ಬಳ್ಳಿಯಿಂದ ಬಂದ ಹುಡುಗ ಕಂಪ್ಯೂಟರಿನಲ್ಲಿ ಹಾಕಿ, ‘ಎಲ್ಲವನ್ನೂ ತಾನೇ ಹುಡುಕಿಕೊಳ್ಳಲಿ’ ಎಂಬ ಗುಂಡಿ ಒತ್ತಿ, ಚಹಾ ಕುಡಿದು ಹೋದ. ಸಾಫ್ಟ್‌ವೇರು ನಮ್ಮ ಊರೂರು ಸುತ್ತಿ, ಕಂಡಕಂಡದ್ದನ್ನೆಲ್ಲ ಹುಡುಕಿ ಪರದೆಯ ಮೇಲೆ ತಂದು ಹಚ್ಚಿತು. ಗೋಡೆ ತುಂಬ ಹಸಿರು, ಮುಂಗಾರಿ ಹೆಸರುಕಾಳಿನ ಹೊಲ ನೋಡಿದ ಹಾಗೆ. ಸಾವಕಾರ್ರು ಕಡಲೆ ಕೊಳ್ಳಲು ಬಂದವರನ್ನೂ ಮೇಲೆ ಕರೆತಂದು ತೋರಿಸಿದರು.

ತಿಂಗಳು ಮುಗಿಯುವ ಮೊದಲು ಲೈಸೆನ್ಸ್ ಕೊಳ್ಳಬೇಕಿತ್ತು. ಐದುನೂರರ ಮಿತಿಯ ಲೈಸೆನ್ಸೇ ಎಲ್ಲಕ್ಕಿಂತ ಸಣ್ಣದು. ‘ನಮ್ಮ ಡಬ್ಬಿ ಎಲ್ಲಾ ಕೂಡಿ ನೂರು ಚಿಲ್ಲರೆ. ಐದುನೂರು ಅಂದ್ರ ಮೊಮ್ಮಕ್ಕಳ ಕಾಲಕ್ಕೂ ಸಾಕು’ ಎಂದು ಸಾವಕಾರ್ರು ಅದನ್ನೇ ಕೊಂಡರು. ನನಗೂ ಅದು ಸರಿಯೆನಿಸಿತ್ತು.

ಪುಕ್ಕಟೆ ತಿಂಗಳು ಮುಗಿದ ಮರುದಿನ ಬೆಳಿಗ್ಗೆ ಬಂದು ನೋಡಿದರೆ ಪರದೆಯ ಅರ್ಧಕ್ಕಿಂತ ಹೆಚ್ಚು ಚುಕ್ಕೆಗಳು ಬೂದು ಬಣ್ಣಕ್ಕೆ ತಿರುಗಿದ್ದವು. ಸಾವಕಾರ್ರು ಎದೆ ಹಿಡಿದುಕೊಂಡರು.

‘ಏನಾತ್ರಿ ಅಕ್ಕಾರ? ಊರಿಗೆ ಊರ ಬಂದ್ ಬಿದ್ದಾವೇನು?’

‘ಊರು ನಡದಾವ್ರಿ. ನೋಡಾಂವ ನಿಂತಾನ.’

ಬೂದು ಎಂದರೆ ಕೆಟ್ಟಿದೆ ಎಂದಲ್ಲ, ಸಾಫ್ಟ್‌ವೇರು ಅದನ್ನು ನೋಡುವುದನ್ನು ಬಿಟ್ಟಿದೆ ಎಂದರ್ಥ. ಮಿತಿ ಮೀರಿದ್ದಕ್ಕೆ ಉಳಿದದ್ದನ್ನೆಲ್ಲ ತಾನಾಗಿಯೇ ತಡೆಹಿಡಿದಿತ್ತು. ‘ಅಷ್ಟೇನು?’ ಎಂದು ಸಾವಕಾರ್ರು ಉಸಿರು ಬಿಟ್ಟರು. ಅವತ್ತೇ ಮಧ್ಯಾಹ್ನ ಗದಗಿನಿಂದ ಬಂದ ಬೀಗರನ್ನು ಪರದೆಯ ಮುಂದೆ ನಿಲ್ಲಿಸಿ, ‘ನೋಡ್ರಿ, ಒಂದರ ಕೆಂಪು ಐತೇನು?’ ಎನ್ನುತ್ತಿದ್ದರು. ಆ ಹೊತ್ತಿಗೇ ಫೋನ್ ಬಂತು. ‘ಏನ್ ಕೆಟ್ಟೈತ್ರಿ?’ ಎಂದರು ಅಕ್ಕಾರು, ಓಣಿಗೆಲ್ಲ ಕೇಳುವ ಹಾಗೆ. ಕುಂದಗೋಳ ಕಡೆಯ ಒಂದು ಸೊಸೈಟಿಯವರು. ಬೆಳಿಗ್ಗೆಯಿಂದ ಲಿಂಕಿಲ್ಲ, ಬಾಗಿಲ ಮುಂದೆ ಮಂದಿ ಕೂತಿದ್ದಾರೆ. ಬೀಗರು ಪರದೆ ನೋಡಿದರು, ಸಾವಕಾರ್ರ ಮುಖ ನೋಡಿದರು, ಆಮೇಲೆ ಬಹಳ ಮರ್ಯಾದೆಯಿಂದ ತಮ್ಮ ಚಪ್ಪಲಿ ನೋಡಿಕೊಂಡರು.

ಆ ಊರಿನ ಚುಕ್ಕೆ ಬೂದು ಗುಂಪಿನಲ್ಲಿತ್ತು. ನೋಡುವವನೇ ಇಲ್ಲದ ಮೇಲೆ ಅದು ಕೆಂಪಾಗುವುದು ಹೇಗೆ?

ಸಾವಕಾರ್ರಿಗೆ ಸಿಟ್ಟು ಬಂತು. ಮೋಸ ಎಂದರು, ಹುಬ್ಬಳ್ಳಿಯ ಹುಡುಗನಿಗೆ ಫೋನ್ ಹಚ್ಚಿ ಎಂದರು. ಅಕ್ಕಾರು ಫೋನ್ ಹಚ್ಚಲಿಲ್ಲ. ಸೊಸೈಟಿಯ ಲಿಂಕು ಸರಿಮಾಡಲು ಲೈನ್ ಕೆಲಸದವರನ್ನು ಕಳಿಸಿ, ತಾವು ಎರಡು ದಿನ ಸಾಫ್ಟ್‌ವೇರಿನ ಕೈಪಿಡಿ ಹಿಡಿದು ಕೂತರು. ತಿಳಿಯದ್ದನ್ನು ನನ್ನಿಂದ ಓದಿಸಿದರು, ನನಗೂ ತಿಳಿಯದಿದ್ದಾಗ ಇಬ್ಬರೂ ಸೇರಿ ಒಂದೊಂದೇ ಚುಕ್ಕೆ ಒತ್ತಿ ನೋಡಿದೆವು. ಆಮೇಲೆ ಗಿರ್ಮಿಟ್ಟು ತರಿಸಿ ಎಲ್ಲರನ್ನೂ ಕೂಡಿಸಿದರು. ಎಲ್ಲರೂ ಎಂದರೆ ಸಾವಕಾರ್ರು, ನಾನು, ಲೈನ್ ಕೆಲಸದ ಇಬ್ಬರು.

‘ನಾವು ಐದುನೂರು ಅಂದ್ರ ಐದುನೂರು ಡಬ್ಬಿ ಅಂತ ತಿಳದ್ವಿ. ಅದು ಡಬ್ಬಿ ಲೆಕ್ಕ ಅಲ್ಲ, ಸೆನ್ಸರ್ ಲೆಕ್ಕ’ ಎಂದರು. ‘ಒಂದ ಡಬ್ಬಿಯೊಳಗ ನೋಡೂದು ಭಾಳ ಇರ್ತೈತಿ. ಜೀವಂತ ಐತೋ ಇಲ್ಲೋ, ಅದೊಂದು ಸೆನ್ಸರ್. ಬ್ಯಾಟ್ರಿ ಎಷ್ಟೈತಿ, ಇನ್ನೊಂದು. ಕಾವು ಎಷ್ಟು, ಮತ್ತೊಂದು. ವಾಯರ್ ಸಿಗಸೂ ತೂತು ಇರ್ತಾವಲ್ಲ, ತೂತಿಗೊಂದು. ಸಾವಕಾರ್ರ, ನವಲಗುಂದ ಬಸ್ ಹತ್ತೀರೇನು ನೀವು?’

‘ಹತ್ತೀನ್ರಿ, ಮೊದ್ಲು.’

‘ಬಸ್ ಬಂದ ಕೂಡ್ಲೆ ಕಿಡಕ್ಯಾಗಿಂದ ಟಾವೆಲ್ ಒಗದು ಸೀಟ್ ಹಿಡೀತಾರಲ್ಲ? ಸೀಟಿನ್ಯಾಗ ಮನಶ್ಯಾ ಇರೂದಿಲ್ಲ, ಟಾವೆಲ್ ಇರ್ತೈತಿ. ಬಾಣಂತಿ ನಿಂತಿರ್ತಾಳ. ನಮ್ಮ ಪರದೆ ಮ್ಯಾಲೂ ಹಂಗ ಆಗೈತಿ. ವಾಯರ್ ಇಲ್ಲದ ಖಾಲಿ ತೂತು ಒಂದೊಂದು ಸೀಟ್ ಹಿಡಕೊಂಡು ಕುಂತಾವು. ಕುಂದಗೋಳದ ಸೊಸೈಟಿ ಹೊರಗ ನಿಂತೈತಿ.’

ಸಾವಕಾರ್ರು ಗಿರ್ಮಿಟ್ಟು ಅಗಿಯುವುದನ್ನು ನಿಲ್ಲಿಸಿದರು. ‘ಹಂಗಂದ್ರ ದೊಡ್ಡ ಬಸ್ ತರೂದಲ್ಲ?’

‘ಟಾವೆಲ್ ಒಗಿಯೂದು ಬಿಡಲಿಲ್ಲಂದ್ರ ಎಷ್ಟು ದೊಡ್ಡ ಬಸ್ ತಂದ್ರೂ ಅಷ್ಟರಿ.’

ಮರುದಿನ ಬೆಳಿಗ್ಗೆ ತೆಗೆಯುವ ಕೆಲಸ ಶುರುವಾಯಿತು. ಒಂದೊಂದು ಸೆನ್ಸರನ್ನೂ ನಾನು ಓದಬೇಕು, ಅಕ್ಕಾರು ಒಂದೇ ಪ್ರಶ್ನೆ ಕೇಳಬೇಕು: ‘ಇದು ಕೆಂಪಾದ್ರ ಯಾರು ಎದ್ದು ಹೋಗ್ತೀರಿ?’ ಯಾರಾದರೂ ‘ನಾ ಹೋಗ್ತೀನಿ’ ಎಂದರೆ ಅದು ಉಳಿಯಿತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರೆ ಹೋಯಿತು. ಆಫೀಸಿನ ಪ್ರಿಂಟರಿನ ಮಸಿ ಎಷ್ಟಿದೆ ಎಂದು ನೋಡುವ ನಾಲ್ಕು ಸೆನ್ಸರುಗಳಿದ್ದವು. ಆ ಪ್ರಿಂಟರು ಎದುರಿಗೇ ಇತ್ತು, ಎಂದೋ ಕೆಟ್ಟು ಅದರ ಮೇಲೆ ಅಕ್ಕಾರ ಊಟದ ಡಬ್ಬಿ ಇರುತ್ತಿತ್ತು. ನಗು ತಡೆಯಲಾಗದೆ ಅವನ್ನು ತೆಗೆದೆವು.

ಓದುತ್ತ ಓದುತ್ತ ನಾನು ಸಾವಕಾರ್ರ ಮನೆಗೆ ಬಂದೆ. ಅವರ ಮನೆಯ ಲಿಂಕು, ಮನೆಯ ಕ್ಯಾಮೆರಾಗಳು, ಅಳಿಯನ ಅಂಗಡಿ, ದನದ ಕೊಟ್ಟಿಗೆಯ ಕ್ಯಾಮೆರಾ. ನನ್ನ ದನಿ ಸಣ್ಣಗಾಯಿತು.

‘ತಗಿ’ ಎಂದರು ಅಕ್ಕಾರು.

‘ಅರೆ! ನನ್ನ ಮನಿ ಕೆಂಪಾದ್ರ ಯಾರೂ ಹೋಗೂದಿಲ್ಲೇನು?’ ಸಾವಕಾರ್ರು ಖುರ್ಚಿಯಿಂದ ಎದ್ದೇಬಿಟ್ಟರು.

‘ಎಲ್ಲಾರೂ ಓಡಿ ಬರ್ತೀವ್ರಿ. ಆದ್ರ ನಿಮ್ಮನ್ಯಾಗ ಲಿಂಕ್ ಹೋತಂದ್ರ ಚುಕ್ಕಿ ಕೆಂಪಾಗೂದ್ರಾಗ ನಿಮ್ಮ ಫೋನ್ ಬಂದಿರ್ತೈತಿ. ನಿಮ್ಮ ಬಾಯಿ ಇರೂವಾಗ ಸೆನ್ಸರ್ ಯಾಕ್ರಿ ಸುಮ್ನ?’

ಲೈನ್ ಕೆಲಸದವರು ಕಿಟಕಿಯ ಕಡೆ ತಿರುಗಿಕೊಂಡರು. ಸಾವಕಾರ್ರು ಕೆಂಪಾದರು, ಆಮೇಲೆ ತಾವೇ ನಕ್ಕರು. ‘ದನದ ಕೊಟಗಿದು ಒಂದರ ಬಿಡ್ರಿ’ ಎಂದು ಗೋಗರೆದರು. ಅಕ್ಕಾರು ಅದನ್ನೂ ಬಿಡಲಿಲ್ಲ.

ಸಂಜೆ ಹೊತ್ತಿಗೆ ಬೂದು ಚುಕ್ಕೆಗಳು ಒಂದೂ ಉಳಿಯಲಿಲ್ಲ. ನಮ್ಮ ಎಲ್ಲ ಊರುಗಳೂ ಮಿತಿಯೊಳಗೆ ಬಂದು, ಇನ್ನೂ ಸ್ವಲ್ಪ ಜಾಗ ಖಾಲಿ ಉಳಿದಿತ್ತು.

ಅಕ್ಕಾರ ಕೈಯಲ್ಲಿ ಎಲ್ಲವೂ ಸರಿಯಾಯಿತೆಂದು ಬರೆದರೆ ಅವರೇ ಬಂದು ನನ್ನ ಕಿವಿ ಹಿಂಡುತ್ತಾರೆ. ಅವತ್ತು ತೆಗೆಯುವ ಉತ್ಸಾಹದಲ್ಲಿ ಟವರುಗಳ ಬ್ಯಾಟರಿ ಸೆನ್ಸರುಗಳನ್ನೂ ತೆಗೆಸಿದ್ದರು. ಲಿಂಕು ಹೋದರೆ ಹೇಗೂ ಕೆಂಪಾಗುತ್ತದೆ, ಬ್ಯಾಟರಿ ಬೇರೆ ಯಾಕೆ ಎಂಬುದು ಅವರ ವಾದ. ಅದರ ಫಲ ಮಿಶ್ರಿಕೋಟಿಯಲ್ಲಿ ಬಂತು. ಅಲ್ಲಿಯ ಹೆಣ್ಣುಮಕ್ಕಳ ಒಂದು ಸಂಘ ಹಳೆ ಸೀರೆ ಜೋಡಿಸಿ ಕೌದಿ ಹೊಲಿಯುತ್ತಿತ್ತು. ದೂರದ ಅಂಗಡಿಯವರೊಬ್ಬರು ವಿಡಿಯೋದಲ್ಲಿ ಕೌದಿ ನೋಡಿ ಕೊಳ್ಳುತ್ತೇವೆ ಎಂದಿದ್ದರು. ಎಲ್ಲರೂ ಹೊಸ ಸೀರೆ ಉಟ್ಟು, ಕೌದಿಗಳನ್ನು ಗೋಡೆಗೆ ತೂಗುಹಾಕಿ ಕೂತಿದ್ದರು. ಎರಡನೆಯ ಕೌದಿ ತೋರಿಸುವಾಗ ಲಿಂಕು ಹೋಯಿತು. ಹಿಂದಿನ ದಿನದಿಂದ ಕರೆಂಟಿರಲಿಲ್ಲ, ಟವರಿನ ಬ್ಯಾಟರಿ ತಳ ಮುಟ್ಟಿತ್ತು. ನಮಗೆ ಕೆಂಪು ಕಂಡದ್ದು ಎಲ್ಲ ಮುಗಿದ ಮೇಲೆ.

ಅಕ್ಕಾರು ಬೇರೆಯವರನ್ನು ಕಳಿಸಲಿಲ್ಲ. ತಾವೇ ಬ್ಯಾಟರಿ ಹೊತ್ತುಕೊಂಡು ಹೋಗಿ, ಆ ಹೆಣ್ಣುಮಕ್ಕಳ ಮುಂದೆ ನಿಂತು, ‘ತಪ್ಪು ನಂದೈತಿ, ಬೈರಿ’ ಎಂದರು. ಅವರು ಸಂಕೋಚವಿಲ್ಲದೆ ಬೈದರು. ಬೈಸಿಕೊಂಡು ಮುಗಿದ ಮೇಲೆ ಆ ಅಂಗಡಿಯವರ ನಂಬರು ತೆಗೆದುಕೊಂಡು ತಾವೇ ಮಾತಾಡಿದರು. ಮರುದಿನಕ್ಕೆ ಮತ್ತೆ ವಿಡಿಯೋ ಗೊತ್ತುಮಾಡಿ, ಅಲ್ಲಿಯೇ ಒಬ್ಬರ ಮನೆಯಲ್ಲಿ ಉಳಿದು, ವಿಡಿಯೋ ಮುಗಿಯುವವರೆಗೂ ಟವರಿನ ಕೆಳಗೆ ಕೂತಿದ್ದರು. ಕೌದಿಗಳು ಮಾರಿಹೋದವು. ಒಂದನ್ನು ತಾವೂ ಕೊಂಡು ಹೆಗಲ ಮೇಲೆ ಹಾಕಿಕೊಂಡು ಆಫೀಸಿಗೆ ಬಂದರು.

‘ಜೀವ ಹೋದಮ್ಯಾಲೆ ಓಡಿ ಬರೂ ಡಾಕ್ಟರ್ ಆಗಿದ್ನಲ್ಲವಾ ನಾನು’ ಎಂದರು ಕೂತವರೇ. ‘ಬ್ಯಾಟ್ರಿ ಎಲ್ಲಾ ವಾಪಸ್ ಹಾಕು. ಜಾಗ ಸಾಲಲಿಲ್ಲಂದ್ರ ಎಷ್ಟು ಮಂದಿ ಎಷ್ಟು ಸಿನಿಮಾ ನೋಡಿದ್ರು ಅಂತ ಏರಿಳಿಯೂ ಗೆರಿ ಬರ್ತಾವಲ್ಲ, ಅವನ್ನ ತಗಿ.’ ಆ ಗೆರೆಗಳೆಂದರೆ ಸಾವಕಾರ್ರಿಗೆ ಪ್ರಾಣ. ಆದರೆ ಕೌದಿ ಹೊದ್ದು ಕೂತ ಅಕ್ಕಾರನ್ನು ನೋಡಿ ಅವರೂ ‘ತಗೀರಿ’ ಎಂದರು.

ಆ ವರ್ಷದ ಮಳೆಗಾಲದಲ್ಲಿ ನಡೆದದ್ದನ್ನು ಹೇಳಬೇಕು. ನಮ್ಮ ಎರೆ ಸೀಮೆಯ ಹಳ್ಳಗಳ ಗುಣವೇ ಹಾಗೆ. ಇಲ್ಲಿ ಬಿಸಿಲಿರುತ್ತದೆ, ಮೇಲೆಲ್ಲೋ ಮಳೆ ಸುರಿದಿರುತ್ತದೆ, ಹೇಳದೆ ಕೇಳದೆ ಹಳ್ಳ ಬಂದುಬಿಡುತ್ತದೆ. ಅವತ್ತು ಅಣ್ಣಿಗೇರಿಯಲ್ಲಿ ಬಟ್ಟೆ ಒಣಗುವಂಥ ಬಿಸಿಲು. ಬೆಳಗಿನ ಚಹಾ ಕುಡಿಯುತ್ತಿದ್ದಾಗ ಪರದೆಯ ಮೇಲೆ ಒಂದು ಚುಕ್ಕೆ ಹಳದಿಯಾಯಿತು. ಶಲವಡಿ ಆಚೆ ಹಳ್ಳದ ದಂಡೆಯ ಒಂದು ಊರಿನ ಟವರಿನ ಬ್ಯಾಟರಿ ಇಳಿಯುತ್ತಿತ್ತು. ಲಿಂಕು ಇನ್ನೂ ಹಸಿರಾಗಿಯೇ ಇತ್ತು. ಟವರು ಇದ್ದ ಮನೆಯವರಿಗೆ ಮೊಬೈಲ್ ಹಚ್ಚಿದೆ, ಹತ್ತಲಿಲ್ಲ. ಪಂಚಾಯ್ತಿಯವರಿಗೆ ಹಚ್ಚಿದೆ, ಅದೂ ಇಲ್ಲ.

ಅಕ್ಕಾರು ಕಪ್ಪು ಕೆಳಗಿಟ್ಟರು. ‘ಕರೆಂಟ್ ಹೋಗಿ ಭಾಳ ಹೊತ್ತಾಗೈತಿ. ಮೊಬೈಲೂ ಹೋಗಿರಬೇಕು. ಹಳ್ಳ ಬಂದೈತಿ ತಂಗಿ, ಏಳು.’

ನಮ್ಮ ಒಂದೇ ಜೀಪಿನ ಡ್ರೈವರ್ ರಜೆಯಲ್ಲಿದ್ದ. ಸಾವಕಾರ್ರು ಕೆಳಗೆ ಗೊಬ್ಬರದ ಚೀಲ ಎಣಿಸುತ್ತಿದ್ದವರು, ವಿಷಯ ಕೇಳಿ ಪಂಚೆ ಎತ್ತಿಕಟ್ಟಿ ತಾವೇ ಜೀಪಿನ ಚಕ್ರ ಹಿಡಿದರು. ಪಕ್ಕದಲ್ಲಿ ಅಕ್ಕಾರು, ಹಿಂದೆ ನಾಲ್ಕು ಬ್ಯಾಟರಿ, ಅವುಗಳ ಮೇಲೆ ನಾನು. ಊರು ಇನ್ನೂ ಒಂದು ಹರದಾರಿ ದೂರ ಇರುವಾಗ ಜೀಪು ಎರೆಮಣ್ಣಿನಲ್ಲಿ ಹೂತಿತು. ಅಲ್ಲಿಂದ ಒಂದು ಟ್ರ್ಯಾಕ್ಟರ್ ಸಿಕ್ಕಿತು. ಊರು ಮುಟ್ಟಿದಾಗ ಕೆಳಗಿನ ಓಣಿಯಲ್ಲಿ ನೀರು ಕಟ್ಟೆಗಳ ಮೇಲೆ ಹರಿದಾಡುತ್ತಿತ್ತು. ಜನರೆಲ್ಲ ಎತ್ತರದ ಶಾಲೆಯಲ್ಲಿ ಸೇರಿದ್ದರು. ನಮ್ಮ ಟವರು ಶಾಲೆಯ ಪಕ್ಕದ ಮಾಳಿಗೆ ಮೇಲೆ. ನಾನು ಹತ್ತಿ ಬ್ಯಾಟರಿ ಬದಲಿಸುವಾಗ ಹಳೆಯದರಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಆದರೆ ಲಿಂಕು ಒಂದು ಗಳಿಗೆಯೂ ಹೋಗಲಿಲ್ಲ.

ಮೇಲಿನಿಂದಲೇ ನನಗೆ ಕಂಡಿತು. ಹಳ್ಳದ ಆಚೆ, ನೀರಿನ ನಡುವೆ ಒಂದು ದಿಬ್ಬ. ಅದರ ಮೇಲೆ ಒಂದು ಸಂಸಾರ. ಗಂಡ, ಹೆಂಡತಿ, ಒಬ್ಬ ಮುದುಕಿ, ಎರಡು ಎಮ್ಮೆ. ಹೊಲದ ಗುಡಿಸಲಲ್ಲಿ ಇದ್ದವರು. ಶಾಲೆಯ ಜಗಲಿಯಿಂದ ಜನ ಕೂಗುತ್ತಿದ್ದರು, ಕೈ ಬೀಸುತ್ತಿದ್ದರು, ದಾಟಿ ಹೋಗುವಂತಿರಲಿಲ್ಲ. ದೋಣಿ ಕರೆಯಬೇಕೆಂದರೆ ಯಾರ ಮೊಬೈಲಿಗೂ ಸಿಗ್ನಲ್ ಇಲ್ಲ.

ಅಕ್ಕಾರು ಕೆಳಗೆ ನಿಂತು ನಮ್ಮ ವೈಫೈ ಪಾಸ್‌ವರ್ಡು ಎಲ್ಲರಿಗೂ ಕೂಗಿ ಹೇಳಿದರು. ಒಂದೇ ಸಲಕ್ಕೆ ಎಲ್ಲರೂ ಮೊಬೈಲ್ ತೆಗೆದರು, ಲಿಂಕು ತೆವಳತೊಡಗಿತು. ಅಕ್ಕಾರು ಜಗಲಿಯ ಮೇಲೆ ಹತ್ತಿದರು.

‘ಕೇಳ್ರಿ ಇಲ್ಲೆ! ಮೊದಲು ದೋಣಿ ಕರಿಯಾವ್ರು. ಆಮ್ಯಾಲೆ ಬೀಗರಿಗೆ ಹೇಳಾವ್ರು. ವಿಡಿಯೋ ಬಿಡಾವ್ರು ಎಲ್ಲಾರಕಿಂತ ಕಡೀಗೆ. ಏ ತಮ್ಮಾ, ಹಿಂದಿನ ಸಾಲಿನಾಂವ, ನಿನ್ನ ಅಂದದ್ದು, ಬಂದ್ ಮಾಡು!’

ಎಲ್ಲರೂ ಬಂದ್ ಮಾಡಿದರು. ಆ ಊರಿನ ಪಂಚಾಯ್ತಿ ಸದಸ್ಯೆ ವಿಡಿಯೋ ಕರೆಯಲ್ಲಿ ತಹಶೀಲ್ದಾರರ ಆಫೀಸಿಗೆ ದಿಬ್ಬವನ್ನು ನೇರವಾಗಿ ತೋರಿಸಿದಳು. ಎಲ್ಲಿಂದ ಇಳಿಯಬಹುದು, ಎಲ್ಲಿ ಮುಳ್ಳುಕಂಟಿ ಇದೆ, ಎಲ್ಲವನ್ನೂ ತೋರಿಸಿದಳು. ಆಮೇಲೆ ಕಾಯುವುದೊಂದೇ ಉಳಿಯಿತು. ಆ ಹೊತ್ತು ಬಹಳ ಉದ್ದವಾಗಿತ್ತು. ದಿಬ್ಬ ಸಣ್ಣದಾಗುತ್ತಿದ್ದುದು ಎಲ್ಲರಿಗೂ ಕಾಣುತ್ತಿತ್ತು. ಸಾವಕಾರ್ರು ಇಷ್ಟಲಿಂಗ ಹಿಡಿದು ಕಣ್ಣು ಮುಚ್ಚಿದ್ದರು. ಅಕ್ಕಾರು ಜಗಲಿಯಲ್ಲಿದ್ದ ಆ ಮುದುಕಿಯ ಮಗಳ ಕೈ ಹಿಡಿದು ಕೂತಿದ್ದರು.

ಬಿಸಿಲು ಇಳಿಯುವ ಮೊದಲು ದೋಣಿ ಬಂತು. ಮೊದಲು ಮುದುಕಿಯನ್ನು ತಂದರು, ಆಮೇಲೆ ಗಂಡ ಹೆಂಡತಿಯನ್ನು. ದೋಣಿಯವರು ಎಮ್ಮೆಗಳಿಗಾಗಿ ಏನು ಮಾಡಬೇಕೆಂದು ಯೋಚಿಸುವಷ್ಟರಲ್ಲಿ ಅವು ತಾವೇ ನೀರಿಗಿಳಿದು ಈಜಿ, ಎಲ್ಲರ ಮುಂದೆ ಮೈ ಕೊಡವಿಕೊಂಡು ದಂಡೆ ಹತ್ತಿದವು. ಮುದುಕಿ ದಂಡೆಗೆ ಕಾಲಿಟ್ಟವಳೇ ಎಮ್ಮೆಗಳಿಗೆ ಬೈಯತೊಡಗಿದಳು: ‘ನಿಮಗ ಈಸಾಕ ಬರ್ತಿತ್ತಂದ್ರ ಮುಂಜಾನಿಂದ ಯಾಕ ನನ್ನ ಜೋಡಿ ನಿಂತಿದ್ರಿ, ಹುಚ್ಚ ರಂಡೇರ್ಯಾ!’ ಬೈಯುತ್ತಲೇ ಅವುಗಳ ಕೊರಳು ತಬ್ಬಿ ಅತ್ತಳು. ಜಗಲಿಯ ತುಂಬ ಜನ ನಗುತ್ತಲೂ ಅಳುತ್ತಲೂ ಇದ್ದರು.

ವಾಪಸು ಬರುವಾಗ ಸಾವಕಾರ್ರಿಗೆ ಉಮೇದು ಬಂದಿತ್ತು. ‘ಅಕ್ಕಾರ, ದೊಡ್ಡ ಲೈಸೆನ್ಸೇ ತಗೊಳ್ಳೂಣು. ಸಾವಿರದ್ದು!’

‘ಅದಕ್ಕ ಕೊಡೂ ರೊಕ್ಕದಾಗ ಮೊದಲು ಇನ್ನೊಂದು ಜೀಪ್ ತಗೋರಿ, ಇನ್ನೊಬ್ಬ ಡ್ರೈವರ್ನ ಇಡ್ರಿ. ಇವತ್ತ ಇನ್ನೊಂದು ಊರು ಹಳದಿ ಆಗಿದ್ರ ಯಾರು ಹೋಗ್ತಿದ್ವಿ? ನೋಡಾಕ ಸಾವಿರ ಇದ್ದು ಹೋಗಾಕ ಒಂದ ಗಾಡಿ ಇದ್ರ, ಉಳದಾವನ್ನ ನೋಡಕೋತ ಕುಂಡ್ರಬೇಕಷ್ಟ.’

ದಸರೆಗೆ ಹೊಸ ಜೀಪು ಬಂತು. ಲೈಸೆನ್ಸು ಇವತ್ತಿಗೂ ಐದುನೂರರದೇ.

ಕಳೆದ ತಿಂಗಳು ಬೀಳ್ಕೊಡುವ ಕಾರ್ಯಕ್ರಮ. ಗೊಬ್ಬರದ ಅಂಗಡಿಯ ಹಿಂದಿನ ಗೋದಾಮನ್ನು ತೊಳೆದು, ಶಾಮಿಯಾನ ಕಟ್ಟಿ, ಹೋಳಿಗೆ ಊಟ ಇಟ್ಟಿದ್ದರು. ಊರೂರಿನಿಂದ ಜನ ಬಂದಿದ್ದರು. ಮಿಶ್ರಿಕೋಟಿಯ ಹೆಣ್ಣುಮಕ್ಕಳು ಒಂದು ಟೆಂಪೊ ತುಂಬ ಬಂದಿದ್ದರು. ಸಾವಕಾರ್ರು ಮೈಕು ಹಿಡಿದು, ‘ಇವರು ಬಂದಾಗ ನಾ ಇವರ ಮಾಲಕ ಅಂತ ತಿಳದಿದ್ದೆ’ ಎಂದು ಶುರು ಮಾಡಿ, ಮೈಕನ್ನು ಪಕ್ಕದವರ ಕೈಗೆ ಕೊಟ್ಟು ಕೂತುಬಿಟ್ಟರು. ಅಕ್ಕಾರು ಹಾರ ಹಾಕಿಸಿಕೊಳ್ಳುತ್ತಿರುವಾಗ ನನ್ನ ಮೊಬೈಲು ಗುಂಯ್ ಎಂದಿತು. ಕುಂದಗೋಳ ರಸ್ತೆಯ ಒಂದು ಟವರು, ಕೆಂಪು.

ನಾನು ರೂಢಿಯಂತೆ ಅಕ್ಕಾರ ಮುಖ ನೋಡಿದೆ. ಅವರೂ ನನ್ನನ್ನು ನೋಡಿದರು. ಹಾರದೊಳಗಿಂದ ಅವರ ಕೈ ತಾನಾಗಿಯೇ ಸ್ಕೂಟಿಯ ಕೀಲಿ ಇರುವ ಚೀಲದ ಕಡೆ ಹೋಯಿತು. ಅರ್ಧಕ್ಕೆ ನಿಂತಿತು. ಆಮೇಲೆ ಅವರು ಆ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಮೈಕಿನ ಕಡೆ ತಿರುಗಿ ಕೂತರು.

ನಾನು ಎದ್ದು ಹೋದೆ. ಯಾರೋ ಟ್ರ್ಯಾಕ್ಟರಿನ ಹಿಂದೆ ವಾಯರು ಎಳೆದುಕೊಂಡು ಹೋಗಿದ್ದರು. ಹಚ್ಚಿ, ಪರೀಕ್ಷಿಸಿ, ಮೈಯೆಲ್ಲ ಧೂಳು ಮಾಡಿಕೊಂಡು ಬರುವಷ್ಟರಲ್ಲಿ ಶಾಮಿಯಾನ ಬಿಚ್ಚುತ್ತಿದ್ದರು. ಟೆಂಪೊ ಹೋಗಿತ್ತು. ಪಾತ್ರೆಗಳನ್ನು ತೊಳೆಯುತ್ತಿದ್ದರು. ಗೋದಾಮಿನ ಮೂಲೆಯಲ್ಲಿ ಅಕ್ಕಾರು ಒಬ್ಬರೇ, ಎರಡು ಬಾಳೆಲೆ ಹಾಕಿಕೊಂಡು ಕೂತಿದ್ದರು. ಇನ್ನೂ ಉಂಡಿರಲಿಲ್ಲ. ಏನಾಗಿತ್ತು, ಹೇಗೆ ಸರಿಹೋಯಿತು ಎಂದು ಒಂದು ಮಾತೂ ಕೇಳಲಿಲ್ಲ. ಸೆರಗಿನಿಂದ ನನ್ನ ಹಣೆಯ ಧೂಳು ಒರೆಸಿದರು. ಅಡಿಗೆಯವರಿಗೆ ಕೂಗಿ ಹೋಳಿಗೆಯನ್ನು ಮತ್ತೆ ಹಂಚಿನ ಮೇಲೆ ಹಾಕಿಸಿ, ಅದರ ಮೇಲೆ ಕೈಬಿಚ್ಚಿ ತುಪ್ಪ ಸುರಿದರು.

‘ಬಿಸಿ ಇರೂದ್ರಾಗ ಉಣ್ಣು ತಂಗಿ’ ಎಂದರು. ‘ಇನ್ನ ಮ್ಯಾಲೆ ನಿನಗ ಬಿಸಿ ಊಟ ಸಿಗೂದು ಅಷ್ಟಕ್ಕಷ್ಟ.’